ನಮ್ಮ ಪಂಚಾಯತಿನ ಕರೆಂಟು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕಾರ್ಕಳದಾಚೆಯ ಒಂದು ಪಂಚಾಯತಿನ ಕಾರ್ಯದರ್ಶಿಯಾಗಿದ್ದೆ. ಪರ್ಕಳದ ನಮ್ಮ ಮನೆಯಿಂದ ಎರಡು ಬಸ್ಸು ಬದಲಿಸಿ ಹೋಗಬೇಕಿತ್ತು. ಆ ಊರಿಗೆ ಸರಕಾರಿ ಕರೆಂಟಿನ ಲೈನು ಇನ್ನೂ ಬಂದಿರಲಿಲ್ಲ. ಯಾವಾಗ ಬರುತ್ತದೆಂದು ಹೇಳುವವರೂ ಇರಲಿಲ್ಲ. ಮಲ್ಪೆಯ ಒಂದು ಐಸ್ ಪ್ಲಾಂಟಿನವರು ಹಳೆಯ ಡೀಸೆಲ್ ಜನರೇಟರನ್ನು ಮಾರುತ್ತಿದ್ದಾರೆಂದು ನಮ್ಮ ಚೇರ್ಮನ್ರಿಗೆ ಸುದ್ದಿ ಸಿಕ್ಕಿದ್ದೇ ತಡ, ಅದನ್ನು ಲಾರಿಯಲ್ಲಿ ತರಿಸಿ ಶಾಲೆಯ ಹಿಂದೆ ಇಳಿಸಿಬಿಟ್ಟರು.

"ಬೀದಿಗೆ ದೀಪ, ಶಾಲೆಗೆ ದೀಪ, ಬೇಕೆಂದವರ ಮನೆಗೂ ದೀಪ. ನಾವೇ ಕೊಡುವ," ಎಂದರು.

"ಕೊಡಲಿಕ್ಕೆ ನಮಗೆ ಅಧಿಕಾರ ಉಂಟಾ?" ಎಂದು ಕೇಳಿದೆ.

"ಊರು ನಮ್ಮದು, ಜನರೇಟರ್ ನಮ್ಮದು. ಇನ್ನೆಂತ ಅಧಿಕಾರ ಮಾರಾಯ್ತಿ?"

ನನಗೆ ಸಮಾಧಾನವಾಗಲಿಲ್ಲ. ಶನಿವಾರ ಉಡುಪಿಗೆ ಹೋಗಿ, ಪರಿಚಯದ ವಕೀಲರೊಬ್ಬರ ಕಚೇರಿಯಲ್ಲಿ ಕುಳಿತು ಕಾನೂನಿನ ಪುಸ್ತಕಗಳನ್ನು ತಿರುವಿದೆ. ಬೀದಿ ದೀಪ ಹಾಕುವ ಅಧಿಕಾರ ಪಂಚಾಯತಿಗೆ ಇತ್ತು. ಆದರೆ ಮನೆಗಳಿಗೆ ಕರೆಂಟು ಕೊಡುವುದು ಬೇರೆಯೇ ವಿಷಯ. ಅದಕ್ಕೆ ಸರಕಾರದ ಮಂಜೂರಾತಿ ಬೇಕು. ಆ ಭಾಗವನ್ನು ಅಕ್ಷರ ಬಿಡದೆ ಬರೆದುಕೊಂಡು ಬಂದು ಅರ್ಜಿ ತಯಾರಿಸಿದೆ. ಚೇರ್ಮನ್ರು ಅದನ್ನು ಎರಡು ಸಲ ಓದಿ, ನಿಟ್ಟುಸಿರು ಬಿಟ್ಟು ಸಹಿ ಹಾಕಿದರು.

ಆಮೇಲೆ ಎಷ್ಟು ಸಲ ಮಂಗಳೂರಿಗೆ ಹೋದೆನೋ ಲೆಕ್ಕವಿಲ್ಲ. ವಿದ್ಯುತ್ ತಪಾಸಣೆಯ ಅಧಿಕಾರಿ ಒಮ್ಮೆ ತಲೆ ಎತ್ತದೆಯೇ ಕೇಳಿದರು: "ನಾಳೆ ಯಾರಾದರೂ ವಯರು ಮುಟ್ಟಿ ಸತ್ತರೆ ನಾವು ಯಾರನ್ನು ಹಿಡಿಯುವುದು?"

"ಪಂಚಾಯತನ್ನು ಸಾರ್. ಹಾಗಾಗಿಯೇ ಅಲ್ವಾ ಅನುಮತಿ ಕೇಳುವುದು? ಕದ್ದು ಕೊಡುವುದಾದರೆ ಇಲ್ಲಿಗೆ ಯಾಕೆ ಬರಬೇಕು?"

ಅವರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದ್ದು ಆಗಲೇ. ಮುಂದಿನ ತಿಂಗಳು ಸ್ವತಃ ಬಂದರು. ಜನರೇಟರ್ ನೋಡಿಕೊಳ್ಳಲು ನಾವು ಕಾಪುವಿನಿಂದ ಕರೆಸಿದ್ದ, ಎಲ್ಲರೂ ಕಾಕ ಎನ್ನುತ್ತಿದ್ದ ಹಿರಿಯ ಮೆಕ್ಯಾನಿಕ್ಕಿನಿಂದ ಅರ್ತಿಂಗ್ ತಂತಿಯನ್ನು ಎರಡೆರಡು ಸಲ ನೆಲಕ್ಕೆ ಹೂಳಿಸಿದರು. ಕೊನೆಗೆ ಆದೇಶ ಬಂತು. ಜೊತೆಗೆ ಷರತ್ತುಗಳೂ ಬಂದವು: ತಪಾಸಣೆಯಾಗದ ಯಾವ ವಯರನ್ನೂ ಲೈನಿಗೆ ಸೇರಿಸಬಾರದು, ಸೇರಿಸಿದವರ ಸಂಪರ್ಕವನ್ನು ಒಂದು ತಿಂಗಳು ಕಡಿಯಬೇಕು. ಸಭೆಯಲ್ಲಿ ಅದನ್ನು ಎದ್ದು ನಿಂತು ಓದಿದೆ. ಕರೆಂಟು ತಯಾರಿಸಿ ಹಂಚುವ ಅಧಿಕಾರವನ್ನು ನಮ್ಮ ಪುಟ್ಟ ಪಂಚಾಯತು ಕೇಳಿ ಪಡೆದಿತ್ತು. ನಾನು ಮನೆಗೆ ಒಯ್ದ ಆದೇಶದ ಪ್ರತಿಯನ್ನು ಅಮ್ಮ ಪರ್ಕಳದ ಅಕ್ಕಪಕ್ಕದ ಮನೆಯವರಿಗೆಲ್ಲ ತೋರಿಸಿಕೊಂಡು ಬಂದರು.

ದಿನಾ ಸಂಜೆ ಮೂರು ತಾಸು ದೀಪ. ಮನೆಗೆ ಎರಡೇ ಬಲ್ಬು. ಅಷ್ಟಕ್ಕೇ ಊರು ಹಿಗ್ಗಿತ್ತು.

ಮರುವರ್ಷ ಚೇರ್ಮನ್ರ ಮಗಳ ಮದುವೆ ನಿಶ್ಚಯವಾಯಿತು. ಮದುವೆಯ ಹಿಂದಿನ ದಿನ ಕೆಲಸ ಮುಗಿಸಿ ಹೊರಡುವಷ್ಟರಲ್ಲಿ ಕಚೇರಿಯ ಬಲ್ಬು ಕೆಂಪಗಾಯಿತು. ನಮ್ಮದೇ ಲೈನಿನ ದೀಪವಿದ್ದ ಊರಿನ ಸಣ್ಣ ಆಸ್ಪತ್ರೆಯ ನರ್ಸಮ್ಮ, ಆಯಾಳ ಕೈಯಲ್ಲಿ ಕಚೇರಿಗೆ ಹೇಳಿ ಕಳಿಸಿದರು: ಕತ್ತಿ ತಾಗಿದ ಕಾಲಿಗೆ ಹೊಲಿಗೆ ಹಾಕುತ್ತಿದ್ದೇನೆ, ಸೂಜಿ ಕಾಣಿಸುತ್ತಿಲ್ಲ. ಕಾಕ ಲೈನು ನೋಡಿಕೊಂಡು ಬಂದು ಮೆಲ್ಲಗೆ ಹೇಳಿದರು: "ಚೇರ್ಮನ್ರ ಚಪ್ಪರ ಮೇಡಂ. ಲೈನಿಗೆ ವಯರು ಸಿಕ್ಕಿಸಿದ್ದಾರೆ, ಮಾಲೆ ಮಾಲೆ ಬಲ್ಬು ಉಂಟು."

ನಾವಿಬ್ಬರೂ ಹೋದೆವು. ಚಪ್ಪರದ ತುಂಬ ನೆಂಟರು.

"ಚೇರ್ಮನ್ರೇ, ಈ ವಯರು ತೆಗೆಯಬೇಕು. ಆಸ್ಪತ್ರೆಯಲ್ಲಿ ಬೆಳಕಿಲ್ಲ."

ಅವರ ಭಾವ ಮುಂದೆ ಬಂದರು. "ಇದು ಯಾರ ಮನೆ ಅಂತ ಗೊತ್ತುಂಟಾ ನಿಮಗೆ?"

ಚೇರ್ಮನ್ರು ಬಲ್ಬಿನ ಮಾಲೆಯನ್ನು ನೋಡಿದರು, ನನ್ನನ್ನು ನೋಡಿದರು. ಈ ಏರ್ಪಾಡು ಅವರಿಗೆ ತಿಳಿಯದೆ ಆದದ್ದೆಂದು ಆ ಮುಖ ನೋಡಿದಾಗಲೇ ಗೊತ್ತಾಯಿತು.

"ಭಾವ, ಸುಮ್ಮನಿರಿ. ಆ ಕಾಗದಕ್ಕೆ ಸಹಿ ಹಾಕಿದ್ದು ನಾನು," ಎಂದರು. ಆಮೇಲೆ ಕಾಕನ ಕಡೆ ತಿರುಗಿ, "ಮಾಲೆ ಮಾತ್ರ ಅಲ್ಲ, ಮನೆಯದ್ದೂ ತೆಗೀರಿ. ಒಂದು ತಿಂಗಳು ಅಂತ ಅಲ್ವಾ ಇರುವುದು?"

ನೆರೆಮನೆಗಳಿಂದ ಗ್ಯಾಸ್‌ಲೈಟುಗಳು ಬಂದವು. ಆ ರಾತ್ರಿಯ ಶಾಸ್ತ್ರಗಳೆಲ್ಲ ಆ ಬೆಳಕಿನಲ್ಲೇ ಚಂದವಾಗಿ ನಡೆದವು. ಮರುದಿನ ಮದುವೆಯ ಊಟದ ಪಂಕ್ತಿಯಲ್ಲಿ ಚೇರ್ಮನ್ರು ತಾವೇ ನನಗೆ ಪಾಯಸ ಬಡಿಸಿ, ನೆಂಟರಿಗೆಲ್ಲ ಕೇಳುವಂತೆ ಹೇಳಿದರು: "ನಮ್ಮ ಕಾರ್ಯದರ್ಶಿ. ನನ್ನ ಮನೆಯ ಕರೆಂಟು ಕಡಿದವರು ಇವರೇ." ಅವರ ದನಿಯಲ್ಲಿ ಮುನಿಸು ಇರಲಿಲ್ಲ; ಮಗಳ ರ‍್ಯಾಂಕಿನ ಸುದ್ದಿ ಹೇಳುವ ತಂದೆಯ ಹಾಗಿದ್ದರು. ಆ ತಿಂಗಳಿಡೀ ಅವರ ಮನೆಯಲ್ಲಿ ಚಿಮಿಣಿ ದೀಪವೇ ಉರಿಯಿತು. ಆಮೇಲೆ ಊರಿನಲ್ಲಿ ಯಾರೂ ಕಳ್ಳ ವಯರು ಎಳೆಯಲಿಲ್ಲ.

ಕೆಲವು ವರ್ಷಗಳ ನಂತರ ಸರಕಾರಿ ಲೈನು ಬಂತು. ಹಸ್ತಾಂತರಕ್ಕೆ ಬಂದ ಇಂಜಿನಿಯರರು ಊರಿಡೀ ಸುತ್ತಿ ನೋಡಿ, "ನಿಮ್ಮ ಕಂಬಗಳೆಲ್ಲ ಸರಿಯಾಗಿಯೇ ಇವೆ, ಕೀಳುವುದು ಬೇಡ, ನಾವೇ ಬಳಸಿಕೊಳ್ಳುತ್ತೇವೆ," ಎಂದರು. ಕಾಕ ಆ ಮಾತನ್ನು ಬಸ್‌ಸ್ಟಾಂಡಿನಲ್ಲಿ ಸಿಕ್ಕಿದವರಿಗೆಲ್ಲ ಹೇಳಿದರು. ನಾನೂ ಪರ್ಕಳಕ್ಕೆ ಬಂದು ಅಮ್ಮನಿಗೆ ಹೇಳಿದೆ.