ಗೋಣು ಹಾಕುವ ತನಕ

ಆಳಂದದಲ್ಲಿ ನಾನು ಅಣಕಿಸದ ಮನುಷ್ಯರಿಲ್ಲ; ಕನ್ನಡಿಯೊಳಗಿನ ನನ್ನ ಮೋರೆಯನ್ನೂ ಬಿಟ್ಟವನಲ್ಲ. ಆದರೆ ತುಂಬಾ ಇಷ್ಟಪಟ್ಟು ಅಣಕಿಸಿದ್ದು ನಮ್ಮ ಹೈಸ್ಕೂಲಿನ ಸಮಾಜ ವಿಜ್ಞಾನದ ಸರ್ ಅವರನ್ನು. ಚಾಕ್‌ಪೀಸನ್ನು ಬೀಡಿಯಂತೆ ಕಿವಿಗೆ ಸಿಕ್ಕಿಸಿಕೊಂಡೇ ತರಗತಿಗೆ ಬರುತ್ತಿದ್ದರು.

ಧರ್ಮಗಳ ಪಾಠಕ್ಕೆ ಅವರದೇ ಪದ್ಧತಿ ಇತ್ತು. ಅಹಿಂಸೆಯ ಮಾತು ಬಂದರೆ ಜೈನರ ಹುಡುಗನನ್ನು, ಇಷ್ಟಲಿಂಗದ ಮಾತು ಬಂದರೆ ಲಿಂಗಾಯತನಾದ ನನ್ನನ್ನು ನೋಡುತ್ತಿದ್ದರು. "ಯಾವ ಧರ್ಮದ ಪಾಠನೋ ಆ ಮನಿಯವರು ಹೌದಂತ ಗೋಣು ಹಾಕಬೇಕು. ಇಲ್ಲಂದ್ರ ಪಾಠ ಮುಗದಿಲ್ಲ."

ಒಮ್ಮೆ ತಪಾಸಣೆಯ ಸಾಹೇಬರು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಸರ್ ಬುದ್ಧನ ಪಾಠ ಮಾಡುತ್ತ, ಆತ್ಮವು ಬಾಡಿಗೆ ಮನೆ ಬಿಟ್ಟಂತೆ ದೇಹ ಬದಲಿಸುತ್ತದೆ ಎಂದರು. ಬೌದ್ಧರ ಹುಡುಗಿ ಗೋಣು ಹಾಕಲಿಲ್ಲ.

"ಯಾಕವ್ವಾ?"

"ನಮ್ಮ ಮನ್ಯಾಗ ಆತ್ಮನೇ ಇಲ್ಲ ಅಂತಾರ್ರಿ ಸರ. ದೀಪದಿಂದ ದೀಪ ಹಚ್ಚಿದಂಗ ಕರ್ಮ ಅಷ್ಟೇ ಮುಂದ ಹೋಗ್ತದಂತ್ರಿ."

"ಮುಂದಿನ ಪಾಠಕ್ಕ ನಡೀರಿ," ಎಂದರು ಸಾಹೇಬರು, ಗಡಿಯಾರ ನೋಡುತ್ತ.

"ಹೆಂಗ ನಡೀಲ್ರಿ ಸಾಹೇಬರ? ಬುದ್ಧನ ಬಾಯಾಗ ಬ್ಯಾರೆಯವರ ಮಾತು ಹಾಕೇನಿ."

ಸರ್ ಬೋರ್ಡ್ ಪೂರ್ತಿ ಒರೆಸಿ ಮೊದಲಿನಿಂದ ಶುರು ಮಾಡಿದರು. ಸಾಹೇಬರು ಏನು ಬರೆದುಕೊಂಡರೋ, ಸರ್ ಆ ಕಡೆ ನೋಡಲೇ ಇಲ್ಲ. ಅವರ ಕಣ್ಣೆಲ್ಲ ಆ ಹುಡುಗಿಯ ಮೇಲಿತ್ತು.

ಸರ್ ಈಗಿಲ್ಲ. ಮೊನ್ನೆ ಒಂದು ಮದುವೆಯಲ್ಲಿ ಅವರ ಅಣಕ ಮಾಡಿದೆ. ಮಂದಿ ಹೊಟ್ಟೆ ಹಿಡಿದು ನಕ್ಕರು. ನಾನು ಮಾತ್ರ ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿಯನ್ನೇ ನೋಡುತ್ತಿದ್ದೆ.

"ಚಾಕ್ ಎಡಗಿವ್ಯಾಗ ಇರ್ತಿತ್ತಪ್ಪಾ," ಎಂದರು ಅವರು.

ಚಾಕ್‌ಪೀಸನ್ನು ಬಲಗಿವಿಯಿಂದ ತೆಗೆದು ಎಡಗಿವಿಗೆ ಸಿಕ್ಕಿಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದೆ.