ಜೀವಾವಧಿ ಜಡ್ಜ್

ಫೆಬ್ರವರಿ ಎಂಟು, ಭಾನುವಾರ, ಬೆಳಗ್ಗೆ ಆರೂಮುಕ್ಕಾಲು. ಬೇಗೂರಿನ ನಮ್ಮ ಹಿತ್ತಲಲ್ಲಿ ದೊಡ್ಡಪ್ಪ ಅರಿಶಿನ ಬೇಯಿಸುತ್ತಿದ್ದಾರೆ. ಆ ಘಾಟು ಮೂಗಿಗೆ ಬಡಿದಾಗ ನಿಮಗೆ ಏನು ನೆನಪಾಗುತ್ತದೋ, ನನಗೆ ಅಮೆರಿಕದ ನ್ಯಾಯಾಂಗ ನೆನಪಾಗುತ್ತದೆ. ನಗಬೇಡಿ, ಸಂಬಂಧವಿದೆ.

ದೊಡ್ಡಪ್ಪನ ಅರಿಶಿನದ ಹೊಲಕ್ಕೆ ಇದ್ದದ್ದು ಒಂದೇ ಗಾಡಿದಾರಿ. ಪಕ್ಕದ ಹೊಲದವರು ಅದಕ್ಕೆ ತಂತಿಬೇಲಿ ಬಿಗಿದರು. ಗೆಡ್ಡೆಯನ್ನೆಲ್ಲ ತಲೆಹೊರೆಯಲ್ಲಿ ಸಾಗಿಸಿ ಸಾಕಾದ ದೊಡ್ಡಪ್ಪ ಕೋರ್ಟಿಗೆ ಹೋದರು. ವಾಯಿದೆಗಳನ್ನು ಬರೆದಿಡುವ ಹೊಣೆ ನನ್ನದು. ದಿನಚರಿಯ ಚಟವಿರುವವನಿಗೆ ಸಿವಿಲ್ ದಾವೆಯಂಥ ಸುಖ ಬೇರೆಯಿಲ್ಲ. ಏನೂ ನಡೆಯದಿದ್ದರೂ ಬರೆಯಲು ಒಂದು ತಾರೀಖು ಸಿಕ್ಕೇ ಸಿಗುತ್ತದೆ.

ಹೋದ ಬೇಸಿಗೆಯಲ್ಲಿ ವಾದ ಮುಗಿದು ತೀರ್ಪೊಂದೇ ಬಾಕಿ ಎನ್ನುವಾಗ ಜಡ್ಜ್ ಸಾಹೇಬರಿಗೆ ವರ್ಗವಾಯಿತು. ನಮ್ಮ ವಕೀಲರ ಮಾತಿಗೆಲ್ಲ ತಲೆಯಾಡಿಸುತ್ತಿದ್ದ ಪುಣ್ಯಾತ್ಮರು. ಹೊಸಬರ ಮುಂದೆ ವಾದ ಮತ್ತೆ ಮೊದಲಿನಿಂದ. ಅದಕ್ಕಿಂತ ರಾಜಿಯಾಗಿ ಕಾಲುದಾರಿ ಒಪ್ಪಿಕೊಳ್ಳಿ ಎಂದರು ವಕೀಲರು. ಕಾಲುದಾರಿಯಲ್ಲಿ ಗಾಡಿ ಹೋಗುವುದಿಲ್ಲ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಗುಂಡ್ಲುಪೇಟೆಯ ಕೋರ್ಟಿನಿಂದ ಬರುವ ಬಸ್ಸಿನಲ್ಲಿ ದೊಡ್ಡಪ್ಪ ಕಿಟಕಿಗೆ ಮುಖ ಮಾಡಿ ಕೂತರು. ಸಮಾಧಾನಕ್ಕೆಂದು ನಾನು ಹೊಸದಾಗಿ ಓದಿದ್ದ ವಿದ್ಯೆಯನ್ನು ಹೊರತೆಗೆದೆ.

“ಅಮೆರಿಕದ ಕೇಂದ್ರದ ಕೋರ್ಟಲ್ಲಿ ಜಡ್ಜ್‌ಗೆ ವರ್ಗ ಇಲ್ಲ, ನಿವೃತ್ತಿ ವಯಸ್ಸೂ ಇಲ್ಲ ದೊಡ್ಡಪ್ಪ. ಅಧ್ಯಕ್ಷರು ಹೆಸರು ಹೇಳ್ತಾರೆ, ಸೆನೆಟ್ ಒಪ್ತದೆ. ಆಮೇಲೆ ಜಡ್ಜ್‌ಗೆ ಜೀವಾವಧಿ.”

ದೊಡ್ಡಪ್ಪ ತಿರುಗಿದರು. “ಜೀವಾವಧಿಯಾ? ಏನ್ ತಪ್ಪು ಮಾಡ್ಬುಟ್ಟಿದ್ನಂತ್ಲಾ?”

“ಶಿಕ್ಷೆ ಅಲ್ಲ, ಕೆಲ್ಸ. ಸನ್ನಡತೆ ಇರೋಗಂಟ.”

“ಸನ್ನಡತೆ ಇದ್ರೆ ಬುಟ್ಬುಡ್ತಾರೆ ಕಣ್ಲಾ. ಪೇಪರ್ನಲ್ಲಿ ಬತ್ತದಲ್ಲ.”

“ಅಲ್ಲಿ ಸನ್ನಡತೆ ಇದ್ರೆ ಒಳಗಿರ್ತಾರೆ, ಕೆಟ್ಟ ನಡತೆ ಆದ್ರೆ ಆಚೆಗೆ ಹಾಕ್ತಾರೆ.”

“ಎಂತಾ ದೇಸ್ವಪ್ಪ ಅದು!” ಎಂದು ಮುಂದಿನ ಸೀಟಿನ ಅಜ್ಜಿಯೊಬ್ಬರು ಕನಿಕರಪಟ್ಟರು.

ಸೋಲೊಪ್ಪದೆ ಸೆನೆಟ್ಟಿನ ವಿಡಿಯೊ ತೋರಿಸಿದೆ. ಹೆಣ್ಣು ನೋಡಲು ಬಂದ ಗಂಡಿನ ಕಡೆಯವರಂತೆ ಸಾಲಾಗಿ ಕೂತವರು ಪ್ರಶ್ನೆ ಕೇಳುತ್ತಾರೆ. ಜಡ್ಜ್ ಆಗಬೇಕಾದವರು, ಆ ವಿಷಯ ಮುಂದೆ ನನ್ನೆದುರಿಗೇ ಬರಬಹುದು ಎಂದು ನಯವಾಗಿ ನಕ್ಕು ಸುಮ್ಮನಾಗುತ್ತಾರೆ. ಹೀಗೆ ಏನೂ ಹೇಳದವರಿಗೆ ಆಯುಷ್ಯವಿಡೀ ತೀರ್ಪು ಹೇಳುವ ಕೆಲಸ. ಅಲ್ಲಿನ ಎಷ್ಟೋ ರಾಜ್ಯಗಳಲ್ಲಿ ಜಡ್ಜ್‌ಗಳನ್ನು ಜನರೇ ಓಟು ಹಾಕಿ ಆರಿಸುತ್ತಾರೆಂದೂ ಹೇಳಿದೆ.

ದೊಡ್ಡಪ್ಪ ಗಾಬರಿಯಾದರು. “ಬ್ಯಾಡ ಕಣಪ್ಪ! ಬೇಲಿ ಆಕಿರೋನ್ ಮನೆ ತುಂಬ ಓಟ್ ಅವೆ. ನಾನು ವಲಕ್ಕೆ ಏರೋಪ್ಲೇನಲ್ಲೇ ಓಗ್ಬೇಕಾಯ್ತದೆ. ಇಲ್ಲೇ ಬರೋರ್ ಬರ್ಲಿ, ನೋಡನ.”

ರಾಜಿ ಅಲ್ಲಿಗೇ ಮುರಿಯಿತು. ಹೊಸ ಜಡ್ಜ್ ಆಗಿ ಬಂದವರು ಒಬ್ಬ ಹೆಣ್ಣುಮಗಳು. ತಲೆಯಾಡಿಸಲಿಲ್ಲ, ನಗಲಿಲ್ಲ, ನಮ್ಮ ವಕೀಲರನ್ನೇ ಗದರಿದರು. ಸೋತೆವೆಂದು ನಾನು ಡೈರಿಯಲ್ಲಿ ಮುಂಗಡವಾಗಿ ಬರೆದುಬಿಟ್ಟೆ. ಡಿಸೆಂಬರಿನಲ್ಲಿ ಬೇಲಿ ಕೀಳಬೇಕೆಂದು ತೀರ್ಪಾಯಿತು. ಹಳೆಯ ಜಡ್ಜ್ ಬೇಲಿಯವರ ವಕೀಲರ ಮಾತಿಗೂ ಹಾಗೆಯೇ ತಲೆಯಾಡಿಸುತ್ತಿದ್ದರಂತೆ. ನಾವು ನೋಡುತ್ತಿದ್ದದ್ದು ನಮ್ಮವರು ಮಾತಾಡುವಾಗ ಮಾತ್ರ. ಅವರನ್ನು ಆಯುಷ್ಯಪೂರ್ತಿ ಆ ಕುರ್ಚಿಗೆ ಕಟ್ಟಿಹಾಕಬೇಕೆಂದು ಬಯಸಿದ್ದವನೂ ನಾನೇ.

ಈ ಸಲ ಗೆಡ್ಡೆ ಗಾಡಿಯಲ್ಲೇ ಬಂದಿದೆ. ಬೇಲಿಯವರು ಚಾಮರಾಜನಗರಕ್ಕೆ ಅಪೀಲು ಹೋಗಿದ್ದಾರೆ. ನಿನ್ನೆ ಬಸ್‌ಸ್ಟಾಪಿನಲ್ಲಿ ಸಿಕ್ಕ ಅವರ ಯಜಮಾನರು, “ಆಯಮ್ಮಂಗೆ ತೀರ್ಪಿಗೆ ಒಂದ್ ತಿಂಗ್ಳು ಮೊದ್ಲೇ ವರ್ಗ ಆಗಿದ್ರೆ ನಾನೇ ಗೆಲ್ತಿದ್ದೆ ಕಣ್ಲಾ” ಎಂದರು. ಕಾನೂನಿನ ಜ್ಞಾನದಲ್ಲಿ ನಾವಿಬ್ಬರೂ ಸರಿಸಮ ಎಂದು ಆಗ ತಿಳಿಯಿತು.

ಉಳಿದಿರುವುದು ಒಂದೇ ಸಂದೇಹ. ಜಡ್ಜ್ ಸಾಯುವವರೆಗೂ ಅಲ್ಲೇ ಕೂರಬಹುದಾದ ಆ ದೇಶದಲ್ಲಿ, ಸೋತವರು ಯಾರ ವರ್ಗಕ್ಕೆ ಕಾಯುತ್ತಾರೆ? ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಬರೆಯಿರಿ.