ಹಿಂದಕ್ಕೆಳೆದುಕೊಂಡ ಕಾಲು

ಅಮಾವಾಸ್ಯೆಯಂದು ಕೊಳ್ಳೇಗಾಲದ ಮಗ್ಗಗಳಿಗೆ ರಜೆ. ನೇಕಾರರ ಫುಟ್‌ಬಾಲ್ ಆಟ ನಡೆಯುತ್ತಿದ್ದುದು ಅಂದೇ. ನಮ್ಮ ಬೀದಿಯ ರೇಷ್ಮೆ ನೇಕಾರನೊಬ್ಬ ಬರಿಗಾಲಲ್ಲಿ ಆಡುತ್ತಿದ್ದ. ಚೆಂಡು ಸಿಕ್ಕರೆ ಅದರ ಮೇಲೆ ಪಾದವಿಟ್ಟು ಒಂದು ಕ್ಷಣ ನಿಲ್ಲುವನು. "ಅವಸರ ಬ್ಯಾಡ ಕಣ್ಲಾ, ಚೆಂಡು ಎಲ್ಗೂ ಓಗಾಕಿಲ್ಲ" ಎನ್ನುವನು. ಕಾಲೇಜಿನಿಂದ ರಜೆಗೆ ಬಂದಾಗಲೆಲ್ಲ ನಾನು ನೋಡುತ್ತಿದ್ದುದು ಅವನೊಬ್ಬನನ್ನೇ.

ಒಂದು ಆಟದಲ್ಲಿ ಎದುರಾಳಿ ನುಗ್ಗಿ ಬಂದಾಗ ಅವನು ಕಾಲನ್ನು ಹಿಂದಕ್ಕೆಳೆದುಕೊಂಡ. ಎದುರಿನವರು ಗೋಲು ಹೊಡೆದರು. ನಮ್ಮ ಬೀದಿಯವರೇ "ಪುಕ್ಕಲ!" ಎಂದು ಕೂಗಿದರು. ಆಮೇಲೆ ಅವನು ಮೈದಾನಕ್ಕೆ ಬರಲಿಲ್ಲ.

ಕರೆಯಲು ಮನೆಗೆ ಹೋದೆ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ. ಹಳೆಯ ಪೆಟ್ಟಿಗೆ ಒಂದು ಮಂಡಿ ಊದಿತ್ತು.

"ಇನ್ನೊಂದೇ ಒಂದು ಆಟಕ್ಕೆ ಬಾರಣ್ಣ," ಎಂದೆ.

"ಈ ಕಾಲು ಮುರುದ್ರೆ ಮಗ್ಗ ತುಳಿಯಾಕೆ ನೀ ಬಂದೀಯೇನ್ಲಾ, ಬಿ.ಎ. ಪಂಡಿತ?" ಎಂದು ನಕ್ಕ. ಆಮೇಲೆ ಎಳೆಯಿಂದ ಕಣ್ಣು ಕೀಳದೆ ಕೇಳಿದ: "ಅವತ್ತು ನೀನೂ ಕೂಗ್ದೇನ್ಲಾ?"

"ಇಲ್ಲ ಕಣಣ್ಣ."

ಎಷ್ಟೋ ವರ್ಷಗಳಾದವು. ಅಂದು ಕೂಗಿದವರ ಮುಖಗಳೆಲ್ಲ ನೆನಪಿವೆ. ನಾನು ಸುಮ್ಮನಿದ್ದೆನೇ ಎಂಬುದು ಮಾತ್ರ ನೆನಪಿಗೆ ಬರುವುದಿಲ್ಲ. ಅವನು ನನ್ನ ಮಾತನ್ನು ನಂಬಿ, "ಗೊತ್ತು ಬುಡು" ಎಂದಿದ್ದ.